256 ಹಾಕಿದ್ರೆ 128 ಅನ್ನೋ ಹಳೆ ಕಂಪ್ಯೂಟರ್: ಪಾರ್ಟ್ಸ್ ಹುಡುಕೋದು ಹೇಗೆ, ಯಾವುದನ್ನ ಮೊದಲು ಬದಲಾಯಿಸೋದು

ಪ್ರಶ್ನೆ: ಅಟ್ಟದ ಮೇಲಿದ್ದ ನಮ್ಮ ಚಿಕ್ಕಪ್ಪನ ಹಳೆ ಕಂಪ್ಯೂಟರ್ ಕೆಳಗಿಳಿಸಿದೀನಿ. ಪೆಂಟಿಯಮ್ 3, 450 ಮೆಗಾಹರ್ಟ್ಸ್, 64 ಎಂಬಿ ರ‍್ಯಾಮ್, 6 ಜಿಬಿ ಹಾರ್ಡ್ ಡಿಸ್ಕು, ವಿಂಡೋಸ್ 98. ಆನ್ ಆಗತ್ತೆ, ಆದ್ರೆ ಪ್ರತಿ ಸಲ ತಾರೀಕು ತಪ್ಪು, ಕೆಲವು ಸಲ ಹಾರ್ಡ್ ಡಿಸ್ಕೇ ಇಲ್ಲ ಅನ್ನತ್ತೆ. 256 ಎಂಬಿ ರ‍್ಯಾಮ್ ಒಂದು ತರಿಸಿ ಹಾಕಿದೆ, 128 ಅಂತ ತೋರಿಸ್ತಿದೆ, ಮೋಸ ಹೋದ್ನಾ? ಇದನ್ನ ಆದಷ್ಟು ಫಾಸ್ಟ್ ಮಾಡಿ ಆ ಕಾಲದ ಗೇಮ್ ಆಡಬೇಕು ಅಂತ ಆಸೆ. ಪಾರ್ಟ್ಸ್ ಎಲ್ಲಿ ಹುಡುಕಲಿ, ಯಾವುದು ಮೊದಲು ಹಾಕ್ಲಿ?

ಉತ್ತರ: ಮೋಸ ಹೋಗಿಲ್ಲ ನೀವು. ಆ ರ‍್ಯಾಮ್ ಕಡ್ಡಿ ತೆಗೆದು ಬೆಳಕಿಗೆ ಹಿಡಿದು ಮೇಲಿರೋ ಕಪ್ಪು ಚಿಪ್ಪು ಎಷ್ಟಿದೆ ಎಣಿಸಿ. ಒಂದೇ ಕಡೆ 8 ಇರತ್ತೆ, ಹಿಂದುಗಡೆ ಖಾಲಿ, ಬೆಟ್ ಕಟ್ತೀನಿ. 256ನ್ನ 8ರಿಂದ ಭಾಗಿಸಿದ್ರೆ ಒಂದೊಂದು ಚಿಪ್ಪು 32 ಎಂಬಿ ಆಯ್ತು, ಒಂದು ಬೈಟಿಗೆ ಎಂಟು ಬಿಟ್, ಅಂದ್ರೆ 256 ಮೆಗಾಬಿಟ್ಟಿನ ಚಿಪ್ಪು. ನಿಮ್ಮ ಬೋರ್ಡಲ್ಲಿ ಇರೋದು ಇಂಟೆಲ್ 440ಬಿಎಕ್ಸ್ ಚಿಪ್‌ಸೆಟ್ (ಪ್ರೊಸೆಸರ್, ರ‍್ಯಾಮ್, ಡಿಸ್ಕುಗಳನ್ನ ಜೋಡಿಸೋ ಚಿಪ್ಪುಗಳು) ಇರ್ಬೇಕು, ಆ ಪ್ರೊಸೆಸರ್ ಜೊತೆ ಹೆಚ್ಚಾಗಿ ಬರ್ತಿದ್ದಿದ್ದು ಅದೇ, ಮತ್ತೆ ನೀವು ಹೇಳಿದ ಲಕ್ಷಣವೂ ಅದರದ್ದೇ. ಅದು ಬಂದಿದ್ದು 1998ರಲ್ಲಿ, 128 ಮೆಗಾಬಿಟ್ಟಿಗಿಂತ ದೊಡ್ಡ ಚಿಪ್ಪನ್ನ ಪೂರ್ತಿ ಓದೋಕೆ ಅದಕ್ಕೆ ಬರಲ್ಲ, ಹಂಗಾಗಿ ಒಂದೊಂದು ಚಿಪ್ಪಲ್ಲೂ ಅರ್ಧ ಮಾತ್ರ ನೋಡಿ 128 ಅಂತ ಹೇಳ್ತಿದೆ. ನಿಮಗೆ ಬೇಕಾಗಿರೋದು ಅದೇ 256 ಎಂಬಿ, ಅದೇ 168 ಪಿನ್ನಿನ ಎಸ್‌ಡಿರ‍್ಯಾಮ್, ಆದ್ರೆ ಎರಡೂ ಕಡೆ ಎಂಟೆಂಟು ಸೇರಿ 16 ಚಿಪ್ಪು ಇರೋದು. 18 ಇದ್ರೆ ಅದು ಇಸಿಸಿ, ಅಂದ್ರೆ ತಪ್ಪು ಹಿಡಿದು ಸರಿ ಮಾಡೋ ರ‍್ಯಾಮ್, ಅದೂ ಬಿಎಕ್ಸಲ್ಲಿ ನಡೆಯತ್ತೆ, ರಿಜಿಸ್ಟರ್ಡ್ (ಸರ್ವರಿಗೆ ಅಂತ ಮಾಡೋ ಜಾತಿ) ಅಲ್ಲದೇ ಇರೋದನ್ನ ನೋಡಿ ತಗೊಳ್ಳಿ ಅಷ್ಟೆ. ಪಿಸಿ133 ಅಂತ ಬರೆದಿದ್ರೂ ಚಿಂತೆ ಇಲ್ಲ, ನಿಮ್ಮ 100 ಮೆಗಾಹರ್ಟ್ಸಿನ ಬೋರ್ಡಲ್ಲಿ ಅದು 100ಕ್ಕೇ ಓಡತ್ತೆ.

ಮಾರೋರು "ಹೈ ಡೆನ್ಸಿಟಿ" ಅಂತ ಬರೆದಿದ್ರೆ, ಅಥವಾ "ಇಂಟೆಲ್ ಬೋರ್ಡಿಗೆ ಆಗಲ್ಲ" ಅಂತ ಕೆಳಗೆ ಸಣ್ಣಕ್ಷರದಲ್ಲಿ ಹಾಕಿದ್ರೆ ಅದನ್ನ ಮುಟ್ಟಬೇಡಿ. ಫೋಟೋ ಒಂದೇ ಕಡೆದು ಹಾಕಿದ್ರೆ ಹಿಂದಿನದ್ದೂ ಕಳ್ಸಿ ಅಂತ ಕೇಳಿ, ಕಳಿಸದೇ ಇದ್ರೆ ಬಿಟ್ಬಿಡಿ. ಇಂಥ ಎರಡು ಸಿಕ್ಕಿದ್ರೆ 512 ಎಂಬಿ ಆಯ್ತು, ಅಲ್ಲಿಗೆ ನಿಲ್ಲಿಸಿ. ಸ್ಲಾಟ್ ಇನ್ನೊಂದು ಖಾಲಿ ಇದೆ ಅಂತ ತುಂಬೋಕೆ ಹೋಗಬೇಡಿ, ಯಾಕಂದ್ರೆ ವಿಂಡೋಸ್ 98ಗೆ 512 ದಾಟಿದ ಮೇಲೆ ಅಜೀರ್ಣ ಆಗತ್ತೆ, ಅದರ ಡಿಸ್ಕ್ ಕ್ಯಾಶ್ ನೋಡ್ಕೊಳ್ಳೋ ವಿಕ್ಯಾಶ್ ಅನ್ನೋದು ಇರೋ ಬರೋ ವಿಳಾಸ ಎಲ್ಲ ನುಂಗಿ ಕೂತ್ಕೊಂಡು "ಮೆಮೊರಿ ಸಾಲದು" ಅಂತ ಎರರ್ ಕೊಡತ್ತೆ. ಮೆಮೊರಿ ಜಾಸ್ತಿ ಇರೋದಕ್ಕೇ ಮೆಮೊರಿ ಸಾಲದು ಅನ್ನೋ ತಮಾಷೆ ಇದು. ಸಿಸ್ಟಮ್ ಐಎನ್‌ಐ ಫೈಲಲ್ಲಿ ಮ್ಯಾಕ್ಸ್‌ಫೈಲ್‌ಕ್ಯಾಶ್ ಮಿತಿ ಹಾಕಿ ಸರಿ ಮಾಡ್ಬಹುದು, ಆದ್ರೆ ಆ ಕಾಲದ ಗೇಮಿಗೆ 512ಕ್ಕಿಂತ ಜಾಸ್ತಿ ಏನಕ್ಕೂ ಬೇಡ.

ಇರಲಿ, ರ‍್ಯಾಮ್ ನಿಮ್ಮ ದೊಡ್ಡ ಸಮಸ್ಯೆ ಅಲ್ಲ. ನೀವು ಕೇಳಿದ್ದು ಫಾಸ್ಟ್ ಮಾಡೋದು ಹೇಗೆ ಅಂತ, ನನ್ನ ಅಭಿಪ್ರಾಯ ಬೇರೆ. ಇಷ್ಟು ಹಳೆ ಮೆಷಿನ್‌ಗೆ ಅಪ್‌ಗ್ರೇಡ್ ಅಂದ್ರೆ ಮೊದಲು ಸಾಯೋ ಪಾರ್ಟುಗಳನ್ನ ಹೊಸದು ಮಾಡೋದು, ವೇಗ ಆಮೇಲೆ. ಪ್ರೊಸೆಸರ್ರು, ಚಿಪ್‌ಸೆಟ್ಟು ಇವು ಸುಮ್ಮನೆ ಕೂತಲ್ಲಿ ಸಾಯಲ್ಲ. ಸಾಯೋದು ಬ್ಯಾಟರಿ, ಪವರ್ ಸಪ್ಲೈ, ಹಾರ್ಡ್ ಡಿಸ್ಕು, ಫ್ಯಾನು, ಕೆಪ್ಯಾಸಿಟರು, ಒಟ್ನಲ್ಲಿ ತಿರುಗೋದು ಮತ್ತೆ ಒಳಗೆ ದ್ರವ ಇರೋದು. ಸಂತೋಷದ ವಿಷಯ ಏನಂದ್ರೆ ಇವಕ್ಕೆಲ್ಲ ಇವತ್ತಿಗೂ ಹೊಸ ಬದಲಿ ಸಿಗತ್ತೆ, ಗುಜರಿ ಹುಡುಕಬೇಕಾಗಿರೋದು ಉಳಿದವಕ್ಕೆ ಮಾತ್ರ.

ಇನ್ನೊಂದು ಸಲ ಆನ್ ಮಾಡೋ ಮುಂಚೆ ಒಂದು ಕೆಲಸ ಮಾಡಿ. ಆ 6 ಜಿಬಿ ಡಿಸ್ಕನ್ನ ಬಿಚ್ಚಿ, ಐಡಿಇಯಿಂದ (ಹಳೆ ಡಿಸ್ಕುಗಳ ಅಗಲ ರಿಬ್ಬನ್ ಕೇಬಲಿನ ಕನೆಕ್ಷನ್) ಯುಎಸ್‌ಬಿಗೆ ಮಾಡೋ ಅಡಾಪ್ಟರ್ ಒಂದು ತಗೊಂಡು (ಡಿಸ್ಕಿಗೆ ಬೇರೆ ಪವರ್ ಕೊಡೋ ಅಂಥದ್ದು, ಡಿಸ್ಕಿನ ಹಿಂದಿನ ಪಿನ್ನುಗಳ ಮೇಲಿರೋ ಪುಟ್ಟ ಮುಚ್ಚಳ, ಅಂದ್ರೆ ಜಂಪರ್, ಮಾಸ್ಟರ್‌ಗೆ ಇರ್ಲಿ) ನಿಮ್ಮ ಈಗಿನ ಕಂಪ್ಯೂಟರಿಗೆ ಸಿಕ್ಸಿ, ಇಡೀ ಡಿಸ್ಕಿನ ಇಮೇಜ್, ಅಂದ್ರೆ ತದ್ರೂಪಿ ನಕಲು, ತೆಗೆದಿಟ್ಕೊಳ್ಳಿ. ಲಿನಕ್ಸ್ ಬಲ್ಲೋರಾದ್ರೆ ಡಿಡಿರೆಸ್ಕ್ಯೂ ಸಾಕು, ಕೆಟ್ಟ ಸೆಕ್ಟರ್ ಬಂದ್ರೂ ಅಲ್ಲೇ ಒದ್ದಾಡದೆ ಮುಂದೆ ಹೋಗತ್ತೆ. ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, ಚಿಕ್ಕಪ್ಪನ ಫೋಟೋ ಕಾಗದ ಪತ್ರ ಇರ್ಬಹುದು ಅನ್ನೋದು ಒಂದು ಕಡೆ, ಅದಕ್ಕಿಂತ ಮುಖ್ಯ ಆ ಬೋರ್ಡಿನ, ಸೌಂಡ್ ಕಾರ್ಡಿನ, ಮೋಡೆಮ್ಮಿನ ಡ್ರೈವರ್ ಎಲ್ಲ ಆ ಡಿಸ್ಕಲ್ಲೇ ಇದೆ, ಎಷ್ಟೋ ಸಲ ವಿಂಡೋಸ್ ಫೋಲ್ಡರ್ ಒಳಗಡೆ ಆಪ್ಷನ್ಸ್, ಅದರೊಳಗೆ ಕ್ಯಾಬ್ಸ್ ಅಂತ ಇನ್‌ಸ್ಟಾಲ್ ಫೈಲು ಪೂರ್ತಿ ಇರತ್ತೆ. ನೀವು ಕಳ್ಕೊಂಡಿರೋ ಡ್ರೈವರ್ ಸಿಡಿ ಅಂದ್ರೆ ಈ ಡಿಸ್ಕೇ ಅಂತ ತಿಳ್ಕೊಳ್ಳಿ. ನಾನು ಕಲಿಯೋ ಕಾಲದಲ್ಲಿ ಇಂಥ ಒಂದು ಡಿಸ್ಕನ್ನ "ಹೆಂಗಿದ್ರೂ ಹೊಸದಾಗಿ ಹಾಕ್ತೀನಲ್ಲ" ಅಂತ ಫಾರ್ಮ್ಯಾಟ್ ಹೊಡೆದು, ಆಮೇಲೆ ಹೆಸರೇ ಇಲ್ಲದ ಒಂದು ಸೌಂಡ್ ಕಾರ್ಡಿನ ಡ್ರೈವರಿಗೆ ಹದಿನೈದು ದಿನ ಅಲೆದಿದೀನಿ.

ಈಗ ನಿಮ್ಮ ತಾರೀಕು ತಪ್ಪೋದು, ಡಿಸ್ಕು ಕಾಣೆಯಾಗೋದು. ಎರಡಕ್ಕೂ ಕಾರಣ ಒಂದೇ ಇರ್ಬಹುದು, ಬೋರ್ಡಿನ ಮೇಲಿರೋ ನಾಣ್ಯದಂಥ ಬ್ಯಾಟರಿ, ಸಿಆರ್2032. ಹೊಸದಾಗಿದ್ದಾಗ 3 ವೋಲ್ಟ್ ಮೇಲಿರತ್ತೆ, ನಿಮ್ಮದನ್ನ ಮಲ್ಟಿಮೀಟರಲ್ಲಿ ನೋಡಿದ್ರೆ ಎಷ್ಟೋ ಕೆಳಗಿಳಿದಿರತ್ತೆ. ಅದು ಸತ್ತಾಗ ಬಯೋಸ್ (ಆನ್ ಆದ ತಕ್ಷಣ ಬೋರ್ಡನ್ನ ಎಬ್ಬಿಸೋ ಪ್ರೋಗ್ರಾಂ) ಸೆಟ್ಟಿಂಗ್ ಎಲ್ಲ ಮರೆತುಹೋಗತ್ತೆ, ಡಿಸ್ಕಿನ ಲೆಕ್ಕಾಚಾರವೂ ಸೇರಿ. ಹೊಸದು ಹಾಕಿ, ಪ್ಲಸ್ ಗುರುತು ಮೇಲೆ ಬರ್ಲಿ, ಬಯೋಸಿಗೆ ಹೋಗಿ ಡಿಸ್ಕನ್ನ ಆಟೋಗೆ ಬಿಡಿ. ಅಷ್ಟಾದ್ಮೇಲೂ ಡಿಸ್ಕು ಕಣ್ಣಾಮುಚ್ಚಾಲೆ ಆಡಿದ್ರೆ ರಿಬ್ಬನ್ ಕೇಬಲ್ ಬದಲಾಯಿಸಿ, ಆಮೇಲೂ ಹಂಗೇ ಇದ್ರೆ ಡಿಸ್ಕಿನ ಆಯಸ್ಸು ಮುಗೀತು ಅಂತ.

ನಿಮ್ಮದಕ್ಕಿಂತ ಹಳೇದು, 386, 486 ಇರೋರು ಇದನ್ನ ಓದ್ತಿದ್ರೆ ಅವರಿಗೊಂದು ಮಾತು. ಅಲ್ಲಿ ಬ್ಯಾಟರಿ ನಾಣ್ಯ ಅಲ್ಲ, ಬೋರ್ಡಿಗೇ ಬೆಸುಗೆ ಹಾಕಿರೋ ಸಣ್ಣ ಪೀಪಾಯಿ ಥರದ್ದು, ಹೆಚ್ಚಾಗಿ ನೀಲಿ ಬಣ್ಣದ್ದು, 3.6 ವೋಲ್ಟಿನ ನಿಕ್ಕಲ್ ಕ್ಯಾಡ್ಮಿಯಮ್. ಅದು ಸೋರತ್ತೆ, ಸೋರಬಹುದು ಅಂತಲ್ಲ, ಸೋರೇ ಸೋರತ್ತೆ. ಸೋರಿದ ಕ್ಷಾರ ಕೀಬೋರ್ಡ್ ಕನೆಕ್ಟರ್ ಹತ್ರದ ತಾಮ್ರದ ಗೆರೆಗಳನ್ನ ತಿಂದು ಹಸಿರು ಕಿಲುಬು ಕಟ್ಟಿಸತ್ತೆ. ಮೆಷಿನ್ ಕೆಲಸ ಮಾಡ್ತಿದ್ರೂ ಸರಿ, ಇವತ್ತೇ ಅದನ್ನ ಕತ್ತರಿಸಿ ತೆಗೀರಿ, ಕಿಲುಬು ಇರೋ ಜಾಗಕ್ಕೆ ವಿನೆಗರ್ ಹಚ್ಚಿ ಹಳೆ ಹಲ್ಲುಜ್ಜೋ ಬ್ರಷ್ಷಲ್ಲಿ ತಿಕ್ಕಿ, ನೀರಲ್ಲಿ ಒರೆಸಿ, ಕೊನೇಗೆ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ತೊಳೆದು ಚೆನ್ನಾಗಿ ಒಣಗಿಸಿ. ಕೆಲವು ಬೋರ್ಡಲ್ಲಿ ಬ್ಯಾಟರಿ ಕಾಣೋದೇ ಇಲ್ಲ, ಡಲ್ಲಾಸ್ ಅಂತ ಬರೆದಿರೋ ದಪ್ಪ ಕಪ್ಪು ಇಟ್ಟಿಗೆಯಂಥ ಚಿಪ್ಪಿನ ಹೊಟ್ಟೆಯೊಳಗೆ ಇರತ್ತೆ, ಡಿಎಸ್12887 ಅಂಥದ್ದು, ಅದಕ್ಕೆ ಬದಲಿ ಚಿಪ್ಪು ಸಿಗತ್ತೆ, ಕೈ ನಡುಗದೋರು ಅದರ ಮೇಲ್ಭಾಗ ಕೊರೆದು ಹೊರಗಿಂದ ನಾಣ್ಯದ ಬ್ಯಾಟರಿ ಬೆಸೀತಾರೆ.

ಪವರ್ ಸಪ್ಲೈ ವಿಷಯಕ್ಕೆ ಬರೋಣ, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಬೋರ್ಡು ಸುಡೋದು ಇಲ್ಲೇ. ನಿಮ್ಮದು ಎಟಿಎಕ್ಸ್ ಅನ್ನೋ ಮಾದರೀದು, 20 ಪಿನ್ನಿನ ಪ್ಲಗ್ಗು. ಈಗಿನ ಸಪ್ಲೈಗಳಲ್ಲಿ 24 ಇದ್ರೂ ನಾಲ್ಕು ಪಿನ್ ಬೇರೆ ಮಾಡೋಕೆ ಬರೋ ಅಂಥದ್ದು ತಗೊಂಡ್ರೆ ಸೀದಾ ಕೂರತ್ತೆ. ತೊಂದರೆ ಬೇರೆ ಕಡೆ ಇದೆ. ಈಗಿನ ಕಂಪ್ಯೂಟರ್ ಎಲ್ಲಾ 12 ವೋಲ್ಟಿಂದ ಕುಡಿಯತ್ತೆ, ನಿಮ್ಮದು ಪ್ರೊಸೆಸರಿಗೆ ಬೇಕಾದ್ದನ್ನ 5 ವೋಲ್ಟಿಂದ ತಗೊಳ್ಳತ್ತೆ. ಹಂಗಾಗಿ ಡಬ್ಬಿ ಮೇಲೆ ಎಷ್ಟು ವಾಟ್ ಅಂತ ದೊಡ್ಡದಾಗಿ ಬರೆದಿರೋದನ್ನ ನೋಡೋದು ಬಿಟ್ಟು ಪಕ್ಕದ ಕೋಷ್ಟಕದಲ್ಲಿ 5 ವೋಲ್ಟ್ ಸಾಲಲ್ಲಿ ಎಷ್ಟು ಆಂಪಿಯರ್ ಇದೆ ನೋಡಿ. 20 ಹತ್ರ ಇದ್ರೆ ನಿಮ್ಮ ಪೆಂಟಿಯಮ್ 3ಗೆ ಬೇಕಾದಷ್ಟಾಯ್ತು, ಅದು 25 ವಾಟ್ ಸುಮಾರಿನ ಸಾಧು ಪ್ರಾಣಿ. ಹಳೆ ಅಥ್ಲಾನ್ ಇದ್ದೋರು ಇನ್ನೂ ಜಾಸ್ತಿ ನೋಡ್ಬೇಕು. ಇನ್ನು ಮೈನಸ್ 5 ವೋಲ್ಟಿನ ಬಿಳಿ ವೈರು 2003ರ ಸುಮಾರಿಗೆ ಎಟಿಎಕ್ಸ್ ನಿಯಮದಿಂದಲೇ ಹೊರಗೆ ಹೋಯ್ತು, ಹಳೆ ಕಾಲದ ಉದ್ದ ಸ್ಲಾಟಲ್ಲಿ ಕೂರೋ ಕೆಲವೇ ಕೆಲವು ಐಎಸ್‌ಎ ಕಾರ್ಡಿಗೆ ಅದು ಬೇಕಾಗತ್ತೆ, ನಿಮಗೆ ಬಹುಶಃ ಬೇಡ.

ಆದ್ರೆ ಒಂದು ಎಚ್ಚರಿಕೆ. ಬ್ರ್ಯಾಂಡೆಡ್ ಮೆಷಿನ್ ಆಗಿದ್ರೆ ಹಳೆ ಪ್ಲಗ್ಗು, ಹೊಸ ಪ್ಲಗ್ಗು ಎರಡನ್ನೂ ಪಕ್ಕಪಕ್ಕ ಹಿಡಿದು ಒಂದೊಂದು ಬಣ್ಣದ ವೈರೂ ಅದದೇ ಜಾಗದಲ್ಲಿದೆಯಾ ತಾಳೆ ನೋಡಿ. ಮಾಮೂಲಿ 20 ಪಿನ್ನಲ್ಲಿ ಕಿತ್ತಳೆ ಬಣ್ಣದ 3.3 ವೋಲ್ಟ್ ವೈರು ಮೂರು ಒಂದು ತುದೀಲಿ ಇರತ್ತೆ, ಹಸಿರು ವೈರಿನ ಪಕ್ಕ ಸಾಲಾಗಿ ಮೂರು ಕಪ್ಪು. ನಿಮ್ಮ ದೊಡ್ಡ ಪ್ಲಗ್ಗಲ್ಲಿ ಕಿತ್ತಳೆ ವೈರೇ ಇಲ್ಲ, ಬೇರೆ ಆರು ಪಿನ್ನಿನ ಪ್ಲಗ್ಗಲ್ಲಿ ಇದೆ ಅಂದ್ರೆ ಆ ಕಂಪನಿ ತನ್ನದೇ ವೈರಿಂಗ್ ಮಾಡಿದೆ ಅಂತ ಅರ್ಥ, ಮಾಮೂಲಿ ಸಪ್ಲೈ ಹಾಕಿದ್ರೆ ಪ್ಲಗ್ಗು ಚೆನ್ನಾಗಿ ಕೂತ್ಕೊಳ್ಳತ್ತೆ, ಕ್ಲಿಕ್ ಅಂತ ಸದ್ದೂ ಬರತ್ತೆ, ಆಮೇಲೆ ಹೊಗೆ. ನಾನು ಮಾಡಿದೀನಿ ಇದನ್ನ. ಹೆಸರು ಬೇಡ, ದೊಡ್ಡ ಬ್ರ್ಯಾಂಡೇ, ಒಂದು ಕ್ಷಣ ಫ್ಯಾನ್ ತಿರುಗ್ತು, ಆಮೇಲೆ ಆ ಮೀನು ಕೊಳೆತಂಥ ವಾಸನೆ ಮೂರು ದಿನ ರೂಮಿಂದ ಹೋಗ್ಲಿಲ್ಲ. ಇದಕ್ಕೂ ಹಳೆ ಎಟಿ ಬೋರ್ಡ್ ಆಗಿದ್ರೆ ಪಿ8, ಪಿ9 ಅಂತ ಎರಡು ಪ್ಲಗ್ಗು, ಅದರಲ್ಲಿ ಎರಡರ ಕಪ್ಪು ವೈರುಗಳೂ ಮಧ್ಯದಲ್ಲಿ ಅಕ್ಕಪಕ್ಕ ಬರ್ಬೇಕು, ಇಷ್ಟು ನೆನಪಿದ್ರೆ ಸಾಕು.

ಬೋರ್ಡಿನ ಕೆಪ್ಯಾಸಿಟರ್ (ಪುಟ್ಟ ಡಬ್ಬಿ ಥರ ನಿಂತಿರೋವು) ಕಡೆಗೂ ಒಮ್ಮೆ ಕಣ್ಣಾಡಿಸಿ. 1999ರಿಂದ 2007ರ ಸುಮಾರಿಗೆ ತಯಾರಾದ ಬೋರ್ಡುಗಳಲ್ಲಿ ಕೆಟ್ಟ ಎಲೆಕ್ಟ್ರೊಲೈಟ್ ಇರೋ ಕೆಪ್ಯಾಸಿಟರುಗಳು ಬಂದು ದೊಡ್ಡ ರಾದ್ಧಾಂತ ಆಗಿತ್ತು. ತಲೆ ಮಟ್ಟಸವಾಗಿರ್ಬೇಕು, ಉಬ್ಬಿದ್ರೆ ಅಥವಾ ಕಂದು ಬಣ್ಣದ್ದು ಏನಾದ್ರೂ ಒಸರಿದ್ರೆ ಬದಲಾಯಿಸಿ, ಮೈಕ್ರೊಫ್ಯಾರಡ್ ಅಷ್ಟೇ ಇರ್ಲಿ, ವೋಲ್ಟ್ ಅಷ್ಟೇ ಅಥವಾ ಜಾಸ್ತಿ, 105 ಡಿಗ್ರಿಯ ಲೋ ಇಎಸ್‌ಆರ್ ಕೇಳಿ. ಬೆಸುಗೆ ಗೊತ್ತಿಲ್ಲ ಅಂದ್ರೆ ಮೊದಲ ಪ್ರಯೋಗ ಈ ಬೋರ್ಡಿನ ಮೇಲೆ ಬೇಡ.

ಈಗ ನಿಮಗೆ ಬೇಕಾದ ವೇಗ. ಈ ಮೆಷಿನ್ ನಿಜವಾಗ್ಲೂ ಚುರುಕಾಗೋದು ಡಿಸ್ಕು ಬದಲಾಯಿಸಿದಾಗ. ಕಾಂಪ್ಯಾಕ್ಟ್ ಫ್ಲ್ಯಾಶ್ ಅಂತ ಕ್ಯಾಮರಾ ಕಾರ್ಡು ಬರ್ತಿತ್ತಲ್ಲ, ಅದು ಹುಟ್ಟಿಂದಲೇ ಐಡಿಇ ಭಾಷೆ ಮಾತಾಡತ್ತೆ, ಹಂಗಾಗಿ ಮಧ್ಯದಲ್ಲಿ ಬೇಕಾಗಿರೋದು ಪಿನ್ ಹೊಂದಿಸೋ ಒಂದು ಬಡಪಾಯಿ ಅಡಾಪ್ಟರ್ ಮಾತ್ರ. ಇನ್ನೊಂದು ದಾರಿ, ಈಗಿನ ಸಣ್ಣ ಸಾಟಾ ಎಸ್‌ಎಸ್‌ಡಿ ಜೊತೆ ಅದನ್ನ ಐಡಿಇಗೆ ಹೊಂದಿಸೋ ಬ್ರಿಡ್ಜು. ನಿಮ್ಮ ಬೋರ್ಡಿನ ಐಡಿಇ ಸೆಕೆಂಡಿಗೆ 33 ಎಂಬಿಗಿಂತ ಜಾಸ್ತಿ ಕೊಡಲ್ಲ, ಹಂಗಾಗಿ ದುಬಾರಿ ಎಸ್‌ಎಸ್‌ಡಿ ತಂದ್ರೆ ಮೂಗಿಗಿಂತ ಮೂಗುತಿ ಭಾರ ಆಗತ್ತೆ. ಲಾಭ ಇರೋದು ಬೇರೆ ಕಡೆ, ಹಳೆ ಡಿಸ್ಕಿನ ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡಿ ಹುಡುಕೋ ಸಮಯ ಪೂರ್ತಿ ಉಳಿಯತ್ತೆ, ಆ ಗರಗರ ಸದ್ದೂ ಹೋಗತ್ತೆ. (ಸದ್ದು ಇಲ್ದೇ ಇದ್ರೆ ಹಳೆ ಕಂಪ್ಯೂಟರ್ ಅನ್ಸಲ್ಲ ಅಂತ ಕೊರಗೋರೂ ಇದಾರೆ, ನಾನೂ ಸ್ವಲ್ಪ ಆ ಜಾತಿನೇ.)

ಸೈಜಲ್ಲಿ ಮಾತ್ರ ಆಸೆಬುರುಕರಾಗಬೇಡಿ. ಹಳೆ ಬಯೋಸುಗಳಿಗೆ ಒಂದೊಂದು ಕಾಲಕ್ಕೆ ಒಂದೊಂದು ಗೋಡೆ. 486 ಕಾಲದ್ದಕ್ಕೆ 504 ಎಂಬಿ, ಆಮೇಲೆ ಬಂದವಕ್ಕೆ 8.4 ಜಿಬಿ, ನಿಮ್ಮ ಕಾಲದ ಅವಾರ್ಡ್ ಕಂಪನಿಯ ಬಯೋಸಿಗೆ 33.8 ಜಿಬಿ, ಕೊನೇಗೆ 137 ಜಿಬಿ. ನಿಮ್ಮದಕ್ಕೆ 40 ಜಿಬಿ ಡಿಸ್ಕು ಸಿಕ್ಸಿದ್ರೆ ಡಿಸ್ಕು ಗುರುತಿಸೋ ಸಾಲಲ್ಲೇ ಮೆಷಿನ್ ಕಲ್ಲಾಗಿ ನಿಂತ್ಬಿಡಬಹುದು, ಡಿಸ್ಕು ಕೆಟ್ಟಿದೆ ಅಂದ್ಕೊಂಡು ಜನ ವಾಪಸ್ ಕಳಿಸ್ತಾರೆ, ಪಾಪ ಅದು ಚೆನ್ನಾಗೇ ಇರತ್ತೆ. ಬಯೋಸ್ ಅಪ್‌ಡೇಟ್ ಸಿಕ್ಕಿದ್ರೆ ಗೋಡೆ ಸರಿಯತ್ತೆ, ಕೆಲವು ಹಾರ್ಡ್ ಡಿಸ್ಕಲ್ಲಿ 32 ಜಿಬಿ ಅಂತ ಸುಳ್ಳು ಹೇಳಿಸೋ ಜಂಪರ್ ಇರತ್ತೆ, ಆದ್ರೆ 16 ಜಿಬಿ ಕಾರ್ಡ್ ಒಂದು ಹಾಕಿದ್ರೆ ಈ ಯಾವ ತಲೆನೋವೂ ಇಲ್ಲ, ವಿಂಡೋಸ್ 98ಗೆ 16 ಜಿಬಿ ಅಂದ್ರೆ ಬಂಗಲೆ. 137ರ ಆಚೆಗಂತೂ ವಿಂಡೋಸ್ 98 ತನಗೇ ಗೊತ್ತಿಲ್ಲದ ಹಂಗೆ ಡಿಸ್ಕಿನ ಶುರುವಿನ ಜಾಗಕ್ಕೆ ಬರೆದು ಇರೋ ಡೇಟಾ ಹಾಳು ಮಾಡತ್ತೆ.

ಕಾರ್ಡನ್ನ ಮೊದಲನೇ ಐಡಿಇ ಕೇಬಲಲ್ಲಿ ಒಂಟಿಯಾಗಿ ಮಾಸ್ಟರ್ ಮಾಡಿ, ಸಿಡಿ ಡ್ರೈವನ್ನ ಎರಡನೇ ಕೇಬಲಿಗೆ ಕಳಿಸಿ, ಒಂದೇ ಕೇಬಲಲ್ಲಿ ಹಾಕಿದ್ರೆ ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅನ್ನೋ ಥರ ಆಗತ್ತೆ. ಆಮೇಲೆ ಜನ ಮರೆಯೋದು ಇದೊಂದು: ಡಿವೈಸ್ ಮ್ಯಾನೇಜರಲ್ಲಿ ಡಿಸ್ಕಿನ ಪ್ರಾಪರ್ಟೀಸ್ ತೆಗೆದು ಡಿಎಂಎ ಅನ್ನೋ ಚೌಕಕ್ಕೆ ಟಿಕ್ ಹಾಕಿ. ಟಿಕ್ ಇಲ್ದಿದ್ರೆ ಡಿಸ್ಕಿಂದ ಬರೋ ಒಂದೊಂದು ತುಣುಕನ್ನೂ ಪ್ರೊಸೆಸರೇ ಹೊತ್ತು ತರಬೇಕು. ಟಿಕ್ ಹಾಕಿದ್ಮೇಲೆ ಮೆಷಿನ್ ಮುಗ್ಗರಿಸಿದ್ರೆ ನಿಮ್ಮ ಅಡಾಪ್ಟರಲ್ಲಿ ಡಿಎಂಎ ಗೆರೆಗಳನ್ನ ಎಳೆದೇ ಇಲ್ಲ ಅಂತ, ಅಗ್ಗದವುಗಳಲ್ಲಿ ಅದು ಮಾಮೂಲಿ, ಬೇರೆ ಅಡಾಪ್ಟರ್ ತಗೊಳ್ಳಿ. ಫ್ಲಾಪಿ ಡ್ರೈವಿಗೂ ಇದೇ ಥರ ಗೋಟೆಕ್ ಅಂತ ಬದಲಿ ಇದೆ, ಪೆನ್ ಡ್ರೈವಲ್ಲಿರೋ ಇಮೇಜನ್ನ ಫ್ಲಾಪಿ ಅಂತ ತೋರಿಸತ್ತೆ. ಅದಕ್ಕೆ ಪವರ್ ಕೊಡೋ ನಾಲ್ಕು ಪಿನ್ನಿನ ಪುಟ್ಟ ಪ್ಲಗ್ಗನ್ನ ಒಂದು ಪಿನ್ ಆಚೀಚೆ ಸಿಕ್ಸಿದ್ರೆ ಸುಟ್ಟುಹೋಗತ್ತೆ, ಟಾರ್ಚ್ ಹಾಕ್ಕೊಂಡು ನೋಡಿ ಸಿಕ್ಸಿ.

ಪ್ರೊಸೆಸರ್ ಕೊನೇಗೆ. ನಿಮ್ಮ 450ರದ್ದು ಸ್ಲಾಟ್ 1ರ ಕಾರ್ಟ್ರಿಡ್ಜು, ಒಳಗಿರೋದು ಕ್ಯಾಟ್ಮೈ ಅನ್ನೋ ತಲೆಮಾರು, 2 ವೋಲ್ಟಿಂದು. ಇದರ ಮುಂದಿನ ತಲೆಮಾರು ಕಾಪರ್‌ಮೈನ್, 1999ರ ಅಕ್ಟೋಬರಲ್ಲಿ ಬಂತು, ಕ್ಯಾಶ್ (ಪ್ರೊಸೆಸರಿನ ಕೈಗೆಟುಕೋ ಸಣ್ಣ ಮೆಮೊರಿ) ಅರ್ಧ ಆದ್ರೂ ಪ್ರೊಸೆಸರಿನ ಪೂರ್ತಿ ವೇಗದಲ್ಲಿ ಓಡತ್ತೆ, ಹಂಗಾಗಿ ಒಳ್ಳೇದು. ಕಾರ್ಟ್ರಿಡ್ಜಿನ ಮೇಲೆ "850/256/100/1.65" ಅನ್ನೋ ಥರ ಒಂದು ಸಾಲು ಅಚ್ಚು ಹಾಕಿರ್ತಾರೆ, ಇದೇ ಅದರ ಜಾತಕ: ವೇಗ, ಕ್ಯಾಶ್ ಎಷ್ಟು ಕೆಬಿ, ಬಸ್ (ಬೋರ್ಡಿನ ಜೊತೆ ಮಾತಾಡೋ ದಾರಿ) ಎಷ್ಟು ಮೆಗಾಹರ್ಟ್ಸ್, ವೋಲ್ಟ್ ಎಷ್ಟು. ನೀವು ನೋಡ್ಬೇಕಾದ್ದು ಮೂರನೇದು ಮತ್ತೆ ನಾಲ್ಕನೇದು. ಮೂರನೇದು 100 ಇರ್ಬೇಕು, 133ರದ್ದು ತಂದ್ರೆ ಒಂದೋ ಕಮ್ಮಿ ವೇಗಕ್ಕೆ ಓಡತ್ತೆ, ಇಲ್ಲಾ ಬೋರ್ಡನ್ನ 133ಕ್ಕೆ ಎಬ್ಬಿಸಿದ್ರೆ ಎಜಿಪಿ (ಗ್ರಾಫಿಕ್ಸ್ ಕಾರ್ಡಿನ ಸ್ಲಾಟು) ಗಡಿಯಾರ 66 ಇರ್ಬೇಕಾದ್ದು 89ಕ್ಕೆ ಏರಿ ಗ್ರಾಫಿಕ್ಸ್ ಕಾರ್ಡು ಒದ್ದಾಡತ್ತೆ. ನಾಲ್ಕನೇದು ಇನ್ನೂ ಮುಖ್ಯ. ಶುರುಶುರುವಿನ ಬಿಎಕ್ಸ್ ಬೋರ್ಡುಗಳ ವೋಲ್ಟೇಜ್ ರೆಗ್ಯುಲೇಟರ್ 1.8ಕ್ಕಿಂತ ಕೆಳಗೆ ಇಳಿಯಲ್ಲ, ಅಂಥ ಬೋರ್ಡಿಗೆ 1.65ರದ್ದು ಹಾಕಿದ್ರೆ ಆನ್ ಆಗೋದೇ ಇಲ್ಲ. ಬೋರ್ಡಿನ ಮ್ಯಾನ್ಯುಯಲ್ ನೋಡದೆ ಪ್ರೊಸೆಸರ್ ತಗೋಬೇಡಿ. ನನ್ನ ಕೇಳಿದ್ರೆ ರ‍್ಯಾಮ್, ಡಿಸ್ಕು ಆದ್ಮೇಲೆ ಒಂದು ತಿಂಗಳು 450ರಲ್ಲೇ ಆಡಿ ನೋಡಿ, ಆಮೇಲೂ ಸಾಲದು ಅನ್ಸಿದ್ರೆ ಹುಡುಕಿ.

ಗ್ರಾಫಿಕ್ಸ್ ಕಾರ್ಡಲ್ಲಿ ಕಚ್ಚು ನೋಡ್ಬೇಕು. ನಿಮ್ಮ ಎಜಿಪಿ ಸ್ಲಾಟು 3.3 ವೋಲ್ಟಿಂದು, ಕಾರ್ಡಿನ ಹಲ್ಲುಗಳ ಸಾಲಲ್ಲಿ ಹೊರಗಿನ ಲೋಹದ ಪಟ್ಟಿಗೆ ಹತ್ರ ಒಂದು ಕಚ್ಚು ಇದ್ರೆ 3.3, ದೂರ ಇದ್ರೆ 1.5, ಎರಡೂ ಕಡೆ ಇದ್ರೆ ಎರಡಕ್ಕೂ ಆಗತ್ತೆ. ಹತ್ರದ ಕಚ್ಚು ಇಲ್ಲದ ಕಾರ್ಡು ನಿಮ್ಮದ್ರಲ್ಲಿ ಕೂರೋದೇ ಇಲ್ಲ, ಒತ್ತಬೇಡಿ. ಇದಕ್ಕೆ ಉಲ್ಟಾ ಕಥೆ ಪೆಂಟಿಯಮ್ 4ರ ಕಾಲದ್ದು, ಇಂಟೆಲ್ 845 ಬೋರ್ಡುಗಳು 1.5 ಮಾತ್ರ ತಡ್ಕೋತಿದ್ವು, ಎರಡೂ ಕಚ್ಚು ಇದ್ರೂ ಒಳಗೊಳಗೆ 3.3 ಎಳೆಯೋ ಕೆಲವು ಹಳೆ ಕಾರ್ಡು ಹಾಕಿ ಎಷ್ಟೋ ಬೋರ್ಡ್ ಹೋಗಿದೆ. ಆ ಕಾಲದ ಗ್ಲೈಡ್ ಗೇಮ್, ಅಂದ್ರೆ 3ಡಿಎಫ್‌ಎಕ್ಸ್ ಕಾರ್ಡಿಗೆ ಅಂತಲೇ ಬರೆದವು, ಆಡೋ ಆಸೆ ಇದ್ರೆ 3ಡಿಎಫ್‌ಎಕ್ಸ್ ಕಂಪನಿಯ ವೂಡೂ 3 ನಿಮ್ಮ ಬೋರ್ಡಿಗೆ ಹೇಳಿ ಮಾಡಿಸಿದ್ದು, ಆದ್ರೆ ಆ ಹೆಸರಿಗೇ ಜನ ಮುಗಿಬೀಳ್ತಾರೆ. ಅಷ್ಟು ಹಟ ಇಲ್ದಿದ್ರೆ ಜೀಫೋರ್ಸ್ 2 ಎಂಎಕ್ಸ್ ಥರದ್ದು ಒಂದು ಹಾಕಿ, ಯಾರೂ ಕೇಳಲ್ಲ ಅದನ್ನ, ಸುಲಭವಾಗಿ ಸಿಗತ್ತೆ, ಡ್ರೈವರೂ ತೊಂದರೆ ಕೊಡಲ್ಲ.

ಇನ್ನು ಹುಡುಕೋದು ಎಲ್ಲಿ ಅನ್ನೋದಕ್ಕಿಂತ ಏನಂತ ಹುಡುಕೋದು ಅನ್ನೋದು ಮೊದಲು. "ಹಳೆ ಪೆಂಟಿಯಮ್ 3 ಸೌಂಡ್ ಕಾರ್ಡ್" ಅಂತ ಹುಡುಕಿದ್ರೆ ಕಸ ಸಿಗತ್ತೆ. ಕಾರ್ಡಿನ ಮೇಲಿರೋ ಅತಿ ದೊಡ್ಡ ಚಿಪ್ಪಿನ ನಂಬರ್ ಹಾಕಿ ಹುಡುಕಿ, ಡಬ್ಬಿ ಮೇಲಿನ ಹೆಸರು ಯಾರದ್ದೇ ಇರ್ಲಿ ಡ್ರೈವರ್ ಇರೋದು ಚಿಪ್ಪಿಗೆ. ಎಫ್‌ಸಿಸಿ ಐಡಿ ಅಂತ ಒಂದು ಸಾಲು ಇರತ್ತೆ, ಅದರಿಂದ ಮಾಡಿದೋರು ಯಾರು ಅಂತ ಗೊತ್ತಾಗತ್ತೆ. ಬೋರ್ಡು ಯಾವುದು ಅಂತ ತಿಳಿಯೋಕೆ, ಆನ್ ಮಾಡಿ ರ‍್ಯಾಮ್ ಎಣಿಸ್ತಿರೋವಾಗ ಪಾಸ್ ಕೀ ಒತ್ತಿ, ಪರದೆ ಅಲ್ಲೇ ನಿಲ್ಲತ್ತೆ. ಅವಾರ್ಡ್ ಬಯೋಸ್ ಆದ್ರೆ ಕೆಳಗಿನ ಮೂಲೇಲಿ ತಾರೀಕು, ಚಿಪ್‌ಸೆಟ್ ಹೆಸರು, ಆಮೇಲೆ ಅಕ್ಷರ ಅಂಕಿ ಬೆರೆತ ಒಂದು ಕೋಡ್ ಇರತ್ತೆ, ಆ ಕೋಡಿನ ಆರನೇ ಏಳನೇ ಅಕ್ಷರ ಬೋರ್ಡ್ ಮಾಡಿದ ಕಂಪನೀದು. ಫೋಟೋ ಹೊಡ್ಕೊಂಡು ಆ ಕೋಡನ್ನ ದಿ ರೆಟ್ರೋ ವೆಬ್ ಅನ್ನೋ ಸೈಟಲ್ಲಿ ಹಾಕಿ ನೋಡಿ, ಹಳೆ ಬೋರ್ಡುಗಳ ಮ್ಯಾನ್ಯುಯಲ್, ಬಯೋಸ್ ಫೈಲು ರಾಶಿ ಅಲ್ಲಿ ಇದೆ. ಡ್ರೈವರ್ ಸಿಡಿಗಳ ಪೂರ್ತಿ ಇಮೇಜು ಇಂಟರ್ನೆಟ್ ಆರ್ಕೈವಲ್ಲಿ ಎಷ್ಟೋ ಇವೆ.

ಪಾರ್ಟ್ಸ್ ತಗೊಳ್ಳೋವಾಗ ಬಿಡಿ ಪಾರ್ಟಿಗಿಂತ ಇಡೀ ಮೆಷಿನ್ ಲಾಭ. "ಆನ್ ಆಗಲ್ಲ, ಹಂಗೇ ಮಾರ್ತಿದೀನಿ" ಅಂತ ಹಾಕಿರೋ ಡಬ್ಬಿಯೊಳಗೆ ರ‍್ಯಾಮು, ಕಾರ್ಡು, ಕೇಬಲು, ಸ್ಲಾಟಿನ ಪಟ್ಟಿ, ಆ ಕಾಲದ ಸ್ಕ್ರೂ ಎಲ್ಲ ಸಿಗತ್ತೆ, ಎಷ್ಟೋ ಸಲ ಕೆಟ್ಟಿರೋದು ಪವರ್ ಸಪ್ಲೈ ಮಾತ್ರ. ಜನ ಯೋಚಿಸದ ಜಾಗಗಳೂ ಇವೆ: ಹಳೆ ಲೇಸರ್ ಪ್ರಿಂಟರಲ್ಲಿ 486 ಕಾಲದ 72 ಪಿನ್ನಿನ ಸಿಮ್ ರ‍್ಯಾಮ್ ಇರತ್ತೆ, ಹಳೆ ಥಿನ್ ಕ್ಲಯಂಟಲ್ಲಿ (ಆಫೀಸಲ್ಲಿ ಸರ್ವರಿಗೆ ಸಿಕ್ಸೋ ಪುಟ್ಟ ಕಂಪ್ಯೂಟರ್) ಸಣ್ಣ ಐಡಿಇ ಫ್ಲ್ಯಾಶ್ ಮಾಡ್ಯೂಲು. ಫ್ಯಾಕ್ಟರಿ ಮೆಷಿನ್ ನಡೆಸೋಕೆ ಐಎಸ್‌ಎ ಸ್ಲಾಟ್ ಬೇಕೇ ಬೇಕು ಅನ್ನೋರು ಇರೋದ್ರಿಂದ ಇಂಡಸ್ಟ್ರಿಯಲ್ ಕಂಪ್ಯೂಟರ್ ಮಾರೋರ ಹತ್ರ ಆ ಜಾತಿ ಬೋರ್ಡು ಎಲ್ಲಕ್ಕಿಂತ ತಡವಾಗಿ ಖಾಲಿ ಆಗತ್ತೆ. ಗುಜರಿಯೋರ ಜೊತೆ ಸ್ನೇಹ ಇಟ್ಕೊಳ್ಳಿ, ಆದ್ರೆ ಸೆರಾಮಿಕ್ ಮೈಯಿನ ಪ್ರೊಸೆಸರ್ ಅಲ್ಲಿ ಉಳಿಯಲ್ಲ, ಪೆಂಟಿಯಮ್ ಪ್ರೋ ಅಂಥದ್ದನ್ನ ಅದರಲ್ಲಿರೋ ಚಿನ್ನಕ್ಕೇ ಕರಗಿಸೋಕೆ ಒಯ್ತಾರೆ, ನೋಡಿದ್ರೆ ಹೊಟ್ಟೆ ಉರಿಯತ್ತೆ. ಬಂದ ಕಾರ್ಡನ್ನ ಸೀದಾ ಸಿಕ್ಸಬೇಡಿ, ಹಲ್ಲುಗಳನ್ನ ಆಲ್ಕೋಹಾಲ್ ಹಚ್ಚಿದ ಬಟ್ಟೇಲಿ ಒರೆಸಿ, ಅರ್ಧ "ಕೆಟ್ಟ" ಕಾರ್ಡು ಅಲ್ಲೇ ರಿಪೇರಿ ಆಗತ್ತೆ.

ಮೆಷಿನ್ ರೆಡಿ ಆದ್ಮೇಲೆ ಇಂಟರ್ನೆಟ್ಟಿಗೆ ಬಿಡಬೇಡಿ, ವಿಂಡೋಸ್ 98ಗೆ ಸಪೋರ್ಟ್ ನಿಂತಿದ್ದು 2006ರ ಜುಲೈಯಲ್ಲಿ, ಬಿಟ್ರೂ ಈಗಿನ ಸೈಟ್ ಯಾವುದೂ ತೆಗೆಯಲ್ಲ. ಫೈಲ್ ಸಾಗಿಸೋಕೆ ರಿಯಲ್‌ಟೆಕ್ 8139 ಚಿಪ್ಪಿನ ನೆಟ್‌ವರ್ಕ್ ಕಾರ್ಡ್ ಒಂದು ಹಾಕಿ ಮನೆಯೊಳಗೆ ಎಫ್‌ಟಿಪಿ ಮಾಡ್ಕೊಳ್ಳಿ.

ಆ 8 ಚಿಪ್ಪಿನ ರ‍್ಯಾಮ್ ಎಸೀಬೇಡಿ. 16 ಚಿಪ್ಪಿಂದು ಸಿಗೋವರೆಗೆ ನಿಮ್ಮದ್ರಲ್ಲೇ 128 ಆಗಿ ಓಡ್ಲಿ, 64ಕ್ಕಿಂತ ಎಷ್ಟೋ ವಾಸಿ. ಇಂಟೆಲ್ 815 ಬೋರ್ಡ್ ಇರೋರಿಗೆ ಅದೇ ಕಡ್ಡಿ ಪೂರ್ತಿ 256 ಕಾಣ್ಸತ್ತೆ, ಅಂಥೋರ ಹತ್ರ 16 ಚಿಪ್ಪಿಂದು ಇದ್ರೆ ಅದಲು ಬದಲು ಮಾಡ್ಕೊಳ್ಳಿ, ಇಬ್ಬರಿಗೂ ಖರ್ಚಿಲ್ಲ.